ಒಂದು ಗಳಿಗೆ ತಡವಾಗಿ ಬರುತ್ತಿದ್ದ ನಗು

ಇವತ್ತು ಗುಂಡ್ಲುಪೇಟೆ ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಿಂದ ಇಂಗ್ಲಿಷ್ ಕಾಮಿಡಿಯೊಂದರಲ್ಲಿ ಜನ ಗುಂಪಾಗಿ ನಗುವ ಸದ್ದು ಕೇಳಿಸಿತು. ಭೀಮನಬೀಡಿನ ನಮ್ಮ ಮನೆ ಕಣ್ಮುಂದೆ ಬಂತು.

ಡಿಶ್ ಹಾಕಿಸಿದ್ದು ಚಿಕ್ಕಪ್ಪ. ಯಾವ ಕಾಮಿಡಿ ಅಮೆರಿಕದ್ದು, ಯಾವುದು ಬ್ರಿಟಿಷರದ್ದು ಎಂದು ಹೇಳಿಕೊಟ್ಟವನೂ ಅವನೇ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ಆದರೂ ಅವ್ವನಿಗೆ ಅಮೆರಿಕದ್ದೇ ಬೇಕು. ಟೀವಿಯೊಳಗಿನ ಜನ ನಕ್ಕು ಮುಗಿಸಿದ ಮೇಲೆ, ಅವರೆಕಾಯಿ ಸುಲಿಯುತ್ತಾ, ಒಂದು ಗಳಿಗೆ ತಡವಾಗಿ ಅವಳೂ ನಗುತ್ತಿದ್ದಳು. ಅಜ್ಜಿಗೆ ಅದನ್ನು ಕಂಡರೆ ಸಿಡುಕು.

"ನಗೋದೆಲ್ಲ ಅವ್ರೇ ನಗ್ಬುಟ್ರೆ ನಮ್ಗೇನ್ಲಾ ಉಳೀತು? ಆ ಟೀ ಕುಡಿಯೋರ್ದು ಹಾಕ್ಲಾ. ಅವ್ರು ಪಾಪ ಸುಮ್ಕೆ ಕೂತಿರ್ತಾರೆ" ಎಂದು ಚಿಕ್ಕಪ್ಪನನ್ನು ಗದರುತ್ತಿದ್ದಳು. ಟೀ ಕುಡಿಯೋರು ಅಂದರೆ ಬ್ರಿಟಿಷರು; ಚಿಕ್ಕಪ್ಪ ಹಾಕುತ್ತಿದ್ದ ಅವರ ಕಾಮಿಡಿಯಲ್ಲಿ ಹಿಂದಿನಿಂದ ನಗುವ ಗುಂಪು ಇರುತ್ತಿರಲಿಲ್ಲ.

ಡಿಶ್ ಹಾಕಿಸಿದ ವರ್ಷವೇ ಅವ್ವ ಜ್ವರ ಬಂದು ತೀರಿಕೊಂಡಳು. ತಿಥಿ ಮುಗಿಯುವವರೆಗೂ ಟೀವಿಗೆ ಬಟ್ಟೆ ಹೊದಿಸಿದ್ದರು. ಬಟ್ಟೆ ತೆಗೆದ ದಿನ ಚಿಕ್ಕಪ್ಪ ಅಜ್ಜಿಗೆಂದೇ ಟೀ ಕುಡಿಯೋರನ್ನು ಹಾಕಿದ.

"ಬ್ಯಾಡ ಕಣ್ಲಾ, ನಗೋರ್ದೇ ಹಾಕು" ಎಂದಳು ಅಜ್ಜಿ.

ಟೀವಿಯ ಜನ ನಕ್ಕು ನಿಲ್ಲಿಸಿದರು. ಅವ್ವ ಒರಗಿ ಕೂರುತ್ತಿದ್ದ ಕಂಬದ ಕಡೆ ತಿರುಗಿ ಅಜ್ಜಿ ಒಂದು ಗಳಿಗೆ ಕಾದಳು.

ಬಸ್ಸಿನಲ್ಲೂ ಆ ಗುಂಪು ನಕ್ಕು ನಿಲ್ಲಿಸಿತು. ಒಂದು ಗಳಿಗೆ ನಾನೂ ಕಾದೆ.