ದೊಡ್ಡಮ್ಮ ಆರಿಸಿಕೊಟ್ಟ ಕಾಳು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಶೇಂಗಾಬೀಜದ ಕೆಂಪು ಸಿಪ್ಪೆಯ ಬಣ್ಣಕ್ಕೇ ತಿರುಗಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹಿರಿಯೂರಿನ ಹೊರಗಿರುವ ನಮ್ಮ ಬಿತ್ತನೆ ಬೀಜದ ಗೋದಾಮಿನಲ್ಲಿ ಏಳೆಂಟು ಹೆಂಗಸರು ಮೊರ ಹಿಡಿದು ಕಾಳು ಆರಿಸುತ್ತಿದ್ದರು. ಹರಿಯಬ್ಬೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಈಕೆ ಅವರಲ್ಲಿ ಹಿರಿಯಳು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ಆರಿಸಿ ತೆಗೆದ ಕೆಟ್ಟ ಕಾಳನ್ನು ಸಂಜೆ ಎಲ್ಲರೂ ಸೆರಗಿಗೆ ಕಟ್ಟಿಕೊಂಡು ಹೋಗುವುದು ಅಲ್ಲಿಯ ರೂಢಿ.

ಕ್ಯಾಮೆರಾದಲ್ಲಿ ನೋಡಿ ಕಾಳು ಬೇರ್ಪಡಿಸುವ ಯಂತ್ರ ಬಂತು. ಅದಕ್ಕೆ ಕಲಿಸುವ ಹೊಣೆ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ಪಾಲಿಗೆ ಬಿತ್ತು. ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಮಾಡಿದ ಕಾಳುಗಳ ಸಾವಿರಾರು ಫೋಟೊ ತೋರಿಸಿದರೆ ಅದರೊಳಗಿನ ಎಐ ಕಲಿತುಕೊಳ್ಳುತ್ತದೆ. ಬೇರೆ ಮಾಡಿಕೊಡಲು ದೊಡ್ಡಮ್ಮನನ್ನೇ ಕೇಳಿದೆ.

“ಮೂಗು ನೋಡಪ್ಪ. ಮೂಗು ಮುರಿದಿದ್ದು ಮೊಳಿಯಲ್ಲ,” ಎಂದು ಕಾಳಿನ ಚೂಪು ತುದಿ ತೋರಿಸಿದಳು. “ಈ ಮಿಷನ್ನಿಗೆ ಕಣ್ಣೇನೋ ಐತೆ. ಕಡಿದು ನೋಡಕ್ಕೆ ಹಲ್ಲು ಐತಾ?”

“ನಿಂಗೇ ಇಲ್ಲ, ಅದಕ್ಕೆಲ್ಲಿಂದ ಬರ್ಬೇಕು,” ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ಮಾಲೀಕರ ಎದುರು ಯಂತ್ರ ಓಡಿಸಿದ ದಿನ ಅದು ಗಟ್ಟಿ ಕಾಳುಗಳನ್ನೂ ಕೆಟ್ಟವೆಂದು ಹೊರಗೆ ತಳ್ಳಿತು. “ಇನ್ನೊಂದ್ಸಲ ಹಿಂಗಾದ್ರೆ ಮಿಷನ್ನೂ ಬ್ಯಾಡ, ನೀನೂ ಬ್ಯಾಡ,” ಎಂದರು ಅವರು ನನಗೆ.

ದೊಡ್ಡಮ್ಮ ನನ್ನನ್ನು ಗೋದಾಮಿನ ಹಿಂದಕ್ಕೆ ಕರೆದಳು. “ತಪ್ಪು ಅದರದಲ್ಲ, ನಂದು. ತೆಗೆದ ಕಾಳು ಈ ಹೆಂಗಸರ ಮನೆಗೆ ಹೋಗ್ತಾವಲ್ಲ, ಚಟ್ನಿಗಾಗ್ಲಿ ಅಂತ ಒಂದಿಷ್ಟು ಒಳ್ಳೇವನ್ನೂ ಆ ಕಡೆ ಹಾಕ್ತಿದ್ದೆ. ಕೈಗೆ ಅದೇ ರೂಢಿ. ನೀನು ಹಂಗೇ ಫೋಟೊ ಹೊಡ್ಕಂಡೆ.”

“ಸುಮ್ನಿದ್ದಿದ್ರೆ ನಿಮ್ಮೆಲ್ಲರ ಕೆಲಸ ಉಳೀತಿತ್ತಲ್ಲ ದೊಡ್ಡಮ್ಮ?”

“ನಿಂದು ಹೋಗ್ತಿತ್ತಲ್ಲಪ್ಪ, ನನ್ನ ತಪ್ಪಿಗೆ. ಇವರಿಗೆ ಮಾತ್ರ ಹೇಳಬ್ಯಾಡ. ನಾವು ತಿಂದಿದ್ದಕ್ಕೆ ಹಿಂಗಾಯ್ತು ಅಂತ ಕೊರಗ್ತಾರೆ.”

ಮತ್ತೆ ಮೊದಲಿನಿಂದ ಕೂತು ಅಷ್ಟನ್ನೂ ಆರಿಸಿಕೊಟ್ಟಳು. ಈ ಸಲ ಯಂತ್ರ ತಪ್ಪಲಿಲ್ಲ. ಅದು ತಳ್ಳಿದ್ದನ್ನು ಒಮ್ಮೆ ಕಣ್ಣಾಡಿಸಲು ದೊಡ್ಡಮ್ಮನೊಬ್ಬಳನ್ನು ಇಟ್ಟುಕೊಂಡು ಮಾಲೀಕರು ಉಳಿದವರನ್ನು ಕೆಲಸದಿಂದ ಬಿಡಿಸಿದರು. ಅವರಿಗೆ ಕಂಡದ್ದು ಇಷ್ಟೇ: ಆಕೆ ನನ್ನ ಜೊತೆ ಕೂತಳು, ತಮ್ಮ ಕೆಲಸ ಹೋಯಿತು. ಅಂದಿನಿಂದ ಎಲ್ಲಿ ಸಿಕ್ಕರೂ ಅವರು ಆಕೆಯನ್ನು ಮಾತಾಡಿಸಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದರೆ, ಉಪ್ಪಿನಕಾಯಿ ಯಾರಿಗೆ ಬೇಕೆಂದು ಕೇಳಲು ದೊಡ್ಡಮ್ಮ ತಲೆ ಎತ್ತುತ್ತಿದ್ದಳು. ಉದ್ದನೆಯ ಗೋದಾಮಿನಲ್ಲಿ ಯಂತ್ರದ ಸದ್ದಷ್ಟೇ. ಮತ್ತೆ ತಲೆ ತಗ್ಗಿಸುತ್ತಿದ್ದಳು. ನಾನು ಗಾಜಿನ ಕೋಣೆಯಿಂದ ನೋಡುತ್ತಿದ್ದೆ. ಎದ್ದು ಹೋಗಿ ಜೊತೆಗೆ ಕೂರಲಿಲ್ಲ. ಹೇಳಬೇಡ ಎಂದಿದ್ದಾಳಲ್ಲ ಎಂಬ ನೆಪವಿಟ್ಟುಕೊಂಡು ಯಾರಿಗೂ ಏನನ್ನೂ ಹೇಳಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಹರಿಯಬ್ಬೆಗೆ ಹೋದೆ. ಆ ಹೆಂಗಸರೂ ಬಂದಿದ್ದರು. ಹಲ್ಲಿನ ಮಾತಾಡಿ ನಗಿಸಿದ್ದವಳೇ ನನ್ನನ್ನು ಕೇಳಿದಳು: “ನಮ್ಮನ್ನ ಬಿಟ್ಟು ಆ ಮಿಷನ್ ಕಡೆ ಯಾಕೆ ಹೋದ್ಲು ಈಕೆ?”

ಎಲ್ಲವನ್ನೂ ಹೇಳಿದೆ.

“ಆಗ್ಲೇ ಹೇಳ್ಬಾರ್ದಾಗಿತ್ತೇನ್ರಿ,” ಎಂದಳು ಮೆಲ್ಲಗೆ. “ಬಂದು ಆಕೆ ಜೊತೆಗಾದ್ರೂ ಕುಂತ್ಕಂತಿದ್ವಲ್ಲ.”