ಗಾಜಕ್ಕನ ಕೊನೆಯ ಗಾಜು

ಗಾಜಕ್ಕನ ಸಿಟ್ಟು ಬೀದಿಗೆಲ್ಲ ಗೊತ್ತು. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ, ಸಂಜೆ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಹೊಲೊಗ್ರಾಮ್ ಮಾಡುತ್ತಾಳೆ. ಹೊಲೊಗ್ರಾಮ್ ಅಂದರೆ ಸ್ಟಿಕ್ಕರಿನ ಮಿಣಮಿಣ ಅಂದುಕೊಂಡೀರಿ ಮತ್ತೆ, ಬೈಸಿಕೊಳ್ಳುತ್ತೀರಿ! ಲೇಸರ್ ಬೆಳಕಿನಲ್ಲಿ ವಸ್ತುವನ್ನು ಗಾಜಿಗೆ ಇಳಿಸುವ ಕಲೆ ಅದು. ಆಮೇಲೆ ವಸ್ತು ಇಲ್ಲದಿದ್ದರೂ ಗಾಜಿನಾಚೆ ಇದ್ದ ಹಾಗೇ ನಿಂತಿರುತ್ತದೆ, ತಲೆ ವಾಲಿಸಿದರೆ ಅದರ ಪಕ್ಕವೂ ಕಾಣುತ್ತದೆ. ಆದರೆ ಬೆಳಕು ಬೀಳುವಷ್ಟು ಹೊತ್ತು ಯಾವುದೂ ಕೂದಲೆಳೆಯಷ್ಟೂ ಅಲುಗಾಡಬಾರದು. ಅಲುಗಾಡಿದ್ದು ಮೂಡುವುದಿಲ್ಲ, ಅದರ ಜಾಗ ಕಪ್ಪಾಗಿ ಉಳಿಯುತ್ತದೆ. ಇದನ್ನು ಅಣ್ಣನಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಕೋಣನ ಮುಂದೆ ಕಿನ್ನರಿ!

ಈ ಸಲವಂತೂ ಅವಳ ಮೈಯೆಲ್ಲ ಉರಿದುಹೋಗಿತ್ತು. ತೀರಿಹೋದ ಅಮ್ಮನ ಹೊಲಿಗೆ ಮಿಷನ್ನನ್ನು ಅಣ್ಣ ಒಂದು ಮಾತೂ ಕೇಳದೆ ಬಟ್ಟೆ ಅಂಗಡಿಯ ಶೋಕೇಸಿಗೆ ಮಾರಿಬಿಟ್ಟಿದ್ದ. ಇಬ್ಬರ ಹೊಟ್ಟೆ ಹೊರೆದ ಮಿಷನ್ನು ಅದು. ಚಿಕ್ಕಂದಿನಲ್ಲಿ ಅಮ್ಮ ಬಟ್ಟೆ ಹಿಡಿದರೆ ಚಕ್ರ ತಿರುಗಿಸುತ್ತಿದ್ದವನು ಅವನೇ.

"ಗುಜರಿ ಕಣೇ ಅದು. ಸಂಜೆ ವ್ಯಾನ್ ಬರುತ್ತೆ."

"ನಾಚ್ಕೆ ಆಗಲ್ವಾ ನಿಂಗೆ? ವ್ಯಾನ್ ಬರೋದ್ರೊಳಗೆ ಗಾಜಿಗೆ ಇಳಿಸ್ಕೋತೀನಿ. ಸದ್ದು ಮಾಡಿದ್ರೆ ನೋಡು!"

ಅಲುಗಾಟ ತಡೆಯಲೆಂದೇ ಮರಳು ತುಂಬಿದ ಮೇಜಿನ ಮೇಲೆ ಮಿಷನ್ ಕೂರಿಸಿದಳು. ಬೆಳಕು ಬಿಟ್ಟಳೋ ಇಲ್ಲವೋ, ಹೊರಗೆ ಅಣ್ಣ ಬೈಕ್ ಶುರು ಮಾಡಿದ. ನೆಲ ನಡುಗಿ ಗಾಜು ಹಾಳಾಯಿತು. ಉಳಿದದ್ದು ಒಂದೇ ಒಂದು.

ಅವನ ಕಾಲರ್ ಹಿಡಿದು ಎಳೆದುಕೊಂಡು ಬಂದಳು. "ಹೊರಗೆ ಬಿಟ್ರೆ ನೀನು ಸುಮ್ನಿರಲ್ಲ. ಇಲ್ಲೇ ಮಿಷನ್ ಪಕ್ಕ ಕೂತ್ಕೋ. ಕಲ್ಲಾಗು!"

ಅಣ್ಣ ಹೋಗಿ ಮಿಷನ್ ಪಕ್ಕ ಕೂತ. ಅವಳು ಅವನಿಗೆ ಬೆನ್ನು ಹಾಕಿ, ಲೇಸರಿಗೆ ಅಡ್ಡ ಇಟ್ಟಿದ್ದ ರಟ್ಟು ಎತ್ತಿದಳು.

ಗಾಜು ತೊಳೆದು ಒಣಗಿಸುವಷ್ಟರಲ್ಲಿ ವ್ಯಾನ್ ಬಂದು ಮಿಷನ್ ಹೋಗಿಯಾಗಿತ್ತು. ಗಾಜಿಗೆ ಮತ್ತೆ ಬೆಳಕು ಬಿಟ್ಟಳು. ಅಮ್ಮನ ಮಿಷನ್ನು ಎದ್ದು ನಿಂತಿತು. ಸೂಜಿ, ಸವೆದ ಬಣ್ಣ, ಅಮ್ಮ ಗೀಚಿಕೊಂಡಿದ್ದ ಅಳತೆಯ ಗೆರೆ, ಎಲ್ಲ ಇತ್ತು. ಚಕ್ರದ ಮೇಲೆ ಮಾತ್ರ ಬೆರಳುಗಳ ಆಕಾರದಲ್ಲಿ ಕಪ್ಪು.

"ಅಯ್ಯೋ ಪಾಪಿ! ಮುಟ್ಟಿದ್ಯಾ? ನನ್ನ ಹತ್ರ ಇನ್ನೊಂದು ಗಾಜಿಲ್ಲ, ಮಿಷನ್ನೂ ಇಲ್ಲ..." ಕೂಗುತ್ತಿದ್ದವಳು ಬಗ್ಗಿ ನೋಡಿದಳು. ತಿರುಗಿಸುವವರು ಹಿಡಿಯುವ ಹಾಗೆ ಬೆರಳುಗಳು ಚಕ್ರವನ್ನು ಹಿಡಿದಿದ್ದವು.

"ಕೊನೇ ಸಲ ಅಂತ..." ಅಣ್ಣ ಗೊಣಗಿದ.

ಅವಳ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. "ಇಷ್ಟು ಪ್ರೀತಿ ಇಟ್ಕೊಂಡು ಗುಜರಿ ಅಂದ್ಯಲ್ಲೋ! ಯಾಕೋ ಮಾರ್ದೆ?"

ಅಣ್ಣ ಮೇಜಿನ ಹತ್ತಿರ ಹೋದ. ಗಾಜಿನಾಚೆ, ಖಾಲಿ ಮರಳಿನ ಮೇಲೆ ಕೈ ಚಾಚಿ, ಚಕ್ರ ಹುಡುಕುತ್ತ ನಿಂತಿದ್ದ.