ಹೊರಟ ಗಾಡಿಯ ದೀಪ

ನಮ್ಮ ಮಾವನವರು ಪಂಚಾಂಗ ನೋಡದೆ ಹಿತ್ತಲಿಗೂ ಹೋಗೋರಲ್ಲ ಅಂತ ನಾನು ನಾದಿನಿಯ ಮುಂದೆ ಆಡಿಕೊಳ್ಳುತ್ತಿದ್ದೆ. ಅವರ ಕಿವಿಗೆ ಬೀಳದ ಹಾಗೆ, ಮತ್ತೆ! ಮದುವೆಯಾಗಿ ಆದೋನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಊರ ಮಂದಿಯೆಲ್ಲ ಮುಹೂರ್ತ ಕೇಳಲಿಕ್ಕೆ ನಮ್ಮ ಕಟ್ಟೆಗೇ ಬರೋರು. ಹತ್ತಿ ಮಂಡಿಯವರು ಲಾರಿ ಕಳಿಸೋದಿದ್ದರೂ ಒಂದು ಮಾತು ಕೇಳಿ ಹೋಗೋರು. ಅಂಥ ಮನೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಗದ್ದಲವೋ ಗದ್ದಲ. ಅತ್ತೆ ತುಂಬಿದ ಕೊಡ ಹಿಡಿದು ಎದುರಿಗೆ ಬರಬೇಕು. ನಾದಿನಿ ಒಳಗೆ ಹೋಗಬೇಕು.

ನಾದಿನಿ ನನ್ನ ವಾರಿಗೆಯವಳು. ಗಂಡ ಜ್ವರ ಬಂದು ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ವಿಧವೆ ಎದುರಾದರೆ ಅಪಶಕುನ ಅಂತಲ್ಲ, ಅದಕ್ಕೆ. ಒಳಗೆ ಹೋಗು ಅಂತ ಆಕೆಗೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳೋ ಕೆಲಸವೇ ಇರಲಿಲ್ಲ. ಯಾರೋ ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿದರೆ ಸಾಕು, ಕೈಯಲ್ಲಿದ್ದದ್ದು ಅಲ್ಲೇ ಇಟ್ಟು ಅಡಿಗೆಮನೆ ಬಾಗಿಲ ಹಿಂದೆ ಹೋಗಿ ನಿಂತುಬಿಡುತ್ತಿದ್ದಳು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮದುವೆಗೆ ಮೊದಲೇ ಆಕೆ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ನಮ್ಮ ಯಜಮಾನರು ಹಟ ಹಿಡಿದು ತಂಗಿಯ ಕೈಲಿ ಅರ್ಜಿ ಹಾಕಿಸಿದ್ದರು. ಕೆಲಸ ಬಂತು, ಹೊಳಗುಂದದ ಕನ್ನಡ ಶಾಲೆಗೆ. ಆದರೆ ಆರ್ಡರ್ ನಮ್ಮ ಕೈ ಸೇರಿದ್ದು ಗುರುವಾರ ಮಧ್ಯಾಹ್ನ. ಶುಕ್ರವಾರ ಸಂಜೆ ಶಾಲೆ ಬಿಡೋದರೊಳಗೆ ಹೋಗಿ ಸೇರಿಕೊಳ್ಳದಿದ್ದರೆ ಕೆಲಸ ಮುಂದಿನವರ ಪಾಲು. ಯಜಮಾನರೋ ಡ್ಯೂಟಿ ಮೇಲೆ ಗುಂತಕಲ್ಲಿನಲ್ಲಿ ಕೂತಿದ್ದರು.

"ಶುಕ್ರವಾರ ಪಡುವಣಕ್ಕ ವಾರಶೂಲಿ ಅದ. ಹೊಳಗುಂದ ಪಡುವಣಕ್ಕ ಅದ. ಹೋಗಲಿಕ್ಕೆ ಬರೂದಿಲ್ಲ" ಅಂದುಬಿಟ್ಟರು ಮಾವ. ನಾದಿನಿ ಮುಖ ಬಿಳಚಿಕೊಂಡಿತು. ಆದರೂ ಆಕೆ ಸುಮ್ಮನೆ ಹೋಗಿ ಟ್ರಂಕಿಗೆ ಸೀರೆ ತುಂಬತೊಡಗಿದಳು.

ದಾರಿ ತೋರಿಸಿದವರು ಅತ್ತೆ. "ಇವತ್ತ ಪ್ರಸ್ಥಾನ ಇಡ್ರಿ, ಆತಲ್ಲ" ಅಂದರು. ಹೊರಡೋ ದಿನ ಚಲೋ ಇಲ್ಲದಿದ್ದರೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಹಿಂದಿನ ಒಳ್ಳೇ ಹೊತ್ತಿನಲ್ಲಿ ಒಂದು ಗಂಟು ಕಟ್ಟಿ, ಹೋಗೋ ದಿಕ್ಕಿನ ಮನೆಯೊಂದರಲ್ಲಿ ಇಟ್ಟು ಬರೋದು. ಗಂಟು ಹೊರಟಿತು ಅಂದರೆ ಮನುಷ್ಯ ಹೊರಟ ಹಾಗೇ ಲೆಕ್ಕ. ಮರುದಿನ ಹೋದರೆ ಶೂಲೆ ಗೀಲೆ ಏನೂ ತಟ್ಟೋದಿಲ್ಲ.

ಮಾವನವರಿಗೆ ಹುರುಪು ಬಂತು ನೋಡಿ! ಹಾಸಿಗೆ, ಸ್ಟೌವು, ಪಾತ್ರೆ ಎಲ್ಲ ಒಯ್ಯಬೇಕಿದ್ದರಿಂದ ಬಾಡಿಗೆ ಕಾರು ಹೇಳೋದು ಹೇಗೂ ಇತ್ತು. "ಗಂಟ್ಯಾಕ, ಕಾರನ ಇಡೋಣು" ಅಂದರು. ಸಂಜೆ ದೀಪ ಹಚ್ಚೋ ಹೊತ್ತಿಗೆ ಕಾರು ಬಂತು. ಸಾಮಾನು ತುಂಬಿ, ಅರಿಸಿನ ಕುಂಕುಮ ಹಚ್ಚಿ, ಪಡುವಣ ದಿಕ್ಕಿನ ಮನೆಯ ಮುಂದೆ ನಿಲ್ಲಿಸಿದ್ದಾಯಿತು. ಡ್ರೈವರ್ ಸಾಬರು ಕೀಲಿ ಮಾವನ ಕೈಗೆ ಕೊಟ್ಟು ಮನೆಗೆ ಹೋದರು.

ಅವರು ಹೋದ ಮೇಲೆ ಮಾವನವರಿಗೆ ಇನ್ನೊಂದು ನೆನಪಾಯಿತು. ಅವರ ಚಿಕ್ಕಂದಿನಲ್ಲಿ ಬಂಡಿ ಪ್ರಸ್ಥಾನ ಇಟ್ಟರೆ ಬಂಡಿಯ ಕೆಳಗೆ ರಾತ್ರಿಯೆಲ್ಲ ಲಾಟೀನು ಉರಿಯಬೇಕಿತ್ತಂತೆ. ಹೊರಟ ಗಾಡಿ ಕತ್ತಲಲ್ಲಿ ನಿಲ್ಲಬಾರದು. ಲಾಟೀನು ಹಿಡಿದು ಕಾರಿನ ಕೆಳಗೆ ಬಗ್ಗಿಯೂ ಬಿಟ್ಟರು. "ಅಯ್ಯ ರಾಮಾ, ಅದರಾಗ ಪೆಟ್ರೋಲ್ ಇರತದ, ಓಣಿ ಸುಟ್ಟೀರಿ!" ಅಂತ ಅತ್ತೆ ಕೂಗಿಕೊಂಡರು. ಆಗ ಮಾವ ಕಾರಿನ ಒಳಗೆ ಕೂತು ಕಂಡ ಕಂಡ ಗುಂಡಿ ಎಳೆದರು. ಮುಂದೆ ಸಣ್ಣ ದೀಪ, ಹಿಂದೆ ಕೆಂಪು ದೀಪ, ಒಳಗೂ ಒಂದು ದೀಪ ಹತ್ತಿಕೊಂಡವು. "ನೋಡ್ರಿ, ಎಷ್ಟು ಛಂದ ಅದ" ಅಂದರು. ಛಂದವೇ ಇತ್ತು ಬಿಡಿ, ಓಣಿಯ ಮಂದಿಯೆಲ್ಲ ಬಂದು ನೋಡಿ ಹೋದರು.

ಬೆಳಿಗ್ಗೆ ಸಾಬರು ಬಂದು ನೋಡುತ್ತಾರೆ, ದೀಪ ಮಿಣುಕು ಅಂತ ಕೂಡ ಇಲ್ಲ.

"ಅರೆ ಆಚಾರ್ರ, ಲೈಟ್ ಯಾರ್ ಹಾಕಿದ್ರಿ?"

"ನಾನ. ಹೊರಟ ಗಾಡಿಗೆ ದೀಪ ಬೇಕಲ್ಲ."

ಸಾಬರು ಹಣೆ ಹಣೆ ಬಡಿದುಕೊಂಡರು. ಬ್ಯಾಟರಿ ಪೂರಾ ಕೂತುಬಿಟ್ಟಿತ್ತು. ಸೆಲ್ಫ್ ಒತ್ತಿದರೆ ಟಕ್ ಅಂತಲೂ ಅನ್ನಲಿಲ್ಲ. ಹ್ಯಾಂಡಲ್ ತಿರುವಿದರು, ಓಣಿಯವರೆಲ್ಲ ಸೇರಿ ಬಜಾರದವರೆಗೂ ತಳ್ಳಿದರು, ಹೇಗೋ ಎಂಜಿನ್ ಹಿಡಿಯಿತು. "ಹೊಳಗುಂದ ಮುಟ್ಟೋತನಕ ಇದು ಬಂದ್ ಆಗಬಾರ್ದು. ಡೈನಮೋ ಭಾಳ ಹಳೇದೈತಿ, ಬ್ಯಾಟರಿ ಚಾರ್ಜ್ ಮಾಡಂಗಿಲ್ಲ. ಬಂದ್ ಆತಂದ್ರ ಖತಂ" ಅಂದರು ಸಾಬರು, ಗುರುಗುಡಿಸುತ್ತಲೇ ಮನೆ ಮುಂದೆ ತಂದು.

ಮಾವ ಚಪ್ಪಲಿ ಮೆಟ್ಟಿದರು. ಆ ಸಪ್ಪಳ ಕೇಳಿದ್ದೇ ತಡ, ನಾದಿನಿ ಕೈಯ ಚೀಲ ಕೆಳಗಿಟ್ಟು ಅಡಿಗೆಮನೆ ಕಡೆ ಹೊರಟಳು! "ಎಲ್ಲಿ ಹೊಂಟಿ? ಇವತ್ತ ಊರಿಗೆ ಹೊಂಟಾಕಿ ನೀನ ಅಲ್ಲೇನ" ಅಂತ ರಟ್ಟೆ ಹಿಡಿದು ಎಳೆದೆ. ಆಕೆಗೂ ನಗು ಬಂತು. ಇಬ್ಬರೂ ನಗುತ್ತಲೇ ಹೊಸ್ತಿಲು ದಾಟಿದೆವು, ಆಕೆ ಮುಂದೆ, ನಾನು ಹಿಂದೆ. ಹೊಸ ಜಾಗದಲ್ಲಿ ಒಲೆ ಹೂಡಿಕೊಟ್ಟು ಬರಲಿ ಅಂತ ಅತ್ತೆ ನನ್ನನ್ನೂ ಕಳಿಸಿದ್ದರು.

ಪೆದ್ದಹರಿವಾಣ ಅನ್ನೋ ಊರು ದಾಟಿತು. ಮುಂದೆ ಕಾಲುವೆ ಸೇತುವೆಯ ಏರು. ಆ ಏರಿನಲ್ಲೇ ಅಡ್ಡ ಬರಬೇಕೇ ಕುರಿ ಹಿಂಡು! ಸಾಬರು ಬ್ರೇಕ್ ಒತ್ತಿದರು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಸಾಬರು ಅಂಗೈ ಕೆಂಪಾಗೋವರೆಗೂ ಹ್ಯಾಂಡಲ್ ತಿರುವಿದರು. ಹಿಂದಕ್ಕೆ ಉರುಳಿಬಿಟ್ಟು ನೋಡಿದರು. ಅದೂ ಆಗದೆ ಕಾರು ಏರಿನ ಬುಡಕ್ಕೆ ಬಂದು ಕೂತಿತು. ಹೊತ್ತು ನೆತ್ತಿಯಿಂದ ಇಳಿಯುತ್ತಿತ್ತು. ಹೊಳಗುಂದಕ್ಕೆ ಹೋಗೋ ಬಸ್ಸು ಇದ್ದದ್ದು ಇನ್ನು ಸಂಜೆಗೇ. ನಾದಿನಿ ಆ ದಾರಿಯನ್ನೇ ನೋಡುತ್ತ ನಿಂತಿದ್ದಳು.

ಮಾವ ಜಾಲಿಮರದ ನೆರಳಿನಲ್ಲಿ ಕೂತರು. "ಪ್ರಸ್ಥಾನ ಇಟ್ಟು, ದೀಪ ಹಚ್ಚಿ, ಎಲ್ಲಾ ಸರಿ ಮಾಡಿದ್ದೆ" ಅಂದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಹೊಸ್ತಿಲ ಮೊದಲ ದಾಟಿದಾಕಿ ಯಾರು?" ಅಂದರು.

ನಾದಿನಿ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. ಅಲ್ಲಿಯವರೆಗೆ ಮಾವನ ಎದುರು ನಿಂತು ಮಾತಾಡಿದವಳಲ್ಲ ನಾನು, ಆದರೂ ಹೇಳೇ ಬಿಟ್ಟೆ: "ಬ್ಯಾಟರಿ ತಿಂದದ್ದು ನಿಮ್ಮ ದೀಪರೀ ಮಾವನೋರ. ಆಕಿ ಅಲ್ಲ."

ಸಾಬರು ಬಾನೆಟ್ಟಿನೊಳಗೆ ಇನ್ನಷ್ಟು ತಲೆ ತೂರಿಸಿದರು. ಅಷ್ಟರಲ್ಲಿ ಆದೋನಿ ಕಡೆ ಹೋಗೋ ಬಸ್ಸು ಬಂತು. ಮಾವ ಎದ್ದು ಕೈ ಅಡ್ಡ ಹಿಡಿದರು. "ನಡೀರಿ. ಹೋಗಬ್ಯಾಡ ಅಂತ ದೇವರ ಹೇಳ್ಯಾನ" ಅಂತ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇಬಿಟ್ಟರು.

"ನಾ ಬರೂದಿಲ್ಲಪ್ಪಾ" ಅಂದಳು ನಾದಿನಿ.

ಮೆಲ್ಲಗೇ ಅಂದದ್ದು. ಆದರೆ ಆ ಮನೆಗೆ ಬಂದ ಮೇಲೆ ಆಕೆ ಒಲ್ಲೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಕ್ಕಂಡಿ ಸ್ವಾಮಿ, ತೊಂದರಗಾ!" ಅಂತ ಕಂಡಕ್ಟರ್ ಬೇಗ ಹತ್ತಲಿಕ್ಕೆ ತೆಲುಗಿನಲ್ಲಿ ಅವಸರ ಮಾಡಿದ. ಆಕೆ ಬಸ್ಸಿಗೆ ಬೆನ್ನು ಮಾಡಿ, ಸೆರಗು ಬಿಗಿದು ಸಿಕ್ಕಿಸಿಕೊಂಡು, ಕಾರಿನ ಹಿಂದೆ ಹೋಗಿ ಕೈ ಹಚ್ಚಿದಳು. ನಾನೂ ಹೋಗಿ ಹಚ್ಚಿದೆ. ಬಸ್ಸು ಧೂಳೆಬ್ಬಿಸಿ ಹೋಯಿತು. ಧೂಳು ಕರಗಿದ ಮೇಲೆ ನೋಡಿದರೆ ಮಾವ ರಸ್ತೆಯಲ್ಲೇ ನಿಂತಿದ್ದರು.

ಕುರಿ ಕಾಯೋರು ಇಬ್ಬರು ಇದನ್ನೆಲ್ಲ ಕೋಲೂರಿ ನೋಡುತ್ತಿದ್ದರು. "ಏ, ಹೆಣಮಕ್ಕಳು ನೂಕಾಕ ಹತ್ಯಾರ, ನಾವ್ ನಿಂತು ನೋಡೋದೇನೋ!" ಅಂತ ಹಿರಿಯವನು ಕೋಲು ಒಗೆದು ಬಂದ. "ಸೇತುವಿ ಮ್ಯಾಲ ಏರಿಸಿದ್ರ ಸಾಕು, ಆಕಡಿ ಇಳುಕಲು ಭಾಳ ಐತಿ" ಅಂದರು ಸಾಬರು. ನಿಂತು ನಿಂತು ತಳ್ಳಿದೆವು. ದಣಿದಾಗೆಲ್ಲ ಗಾಲಿಗೆ ಕಲ್ಲು ಕೊಟ್ಟು ಉಸಿರು ಎಳೆದುಕೊಂಡೆವು. ಮಾವ ಕೊಡೆ ಹಿಡಿದು, ಬಾಯಲ್ಲಿ ಏನೋ ಸ್ತೋತ್ರ ಹೇಳಿಕೊಳ್ಳುತ್ತ ಹಿಂದೆ ಹಿಂದೆ ಬಂದರು.

ಸೇತುವೆ ಮೇಲಿಂದ ಕೊನೆಯ ಸಲ ನೂಕಿದಾಗ ಕಾರು ನಮ್ಮ ಕೈ ಬಿಟ್ಟು ಓಡಿತು. ಇಳುಕಲಿನ ತುದಿ ಮುಟ್ಟೋವರೆಗೂ ಸಪ್ಪಳವೇ ಇಲ್ಲ. ಆಮೇಲೆ ಭರ್ರ್ ಅಂತ ಹೊಗೆ ಬಂತು. ಕುರಿಯವರು ಕೇಕೆ ಹಾಕಿದರು. ನಾದಿನಿ ಕಾಲುವೆಯ ಗೋಡೆ ಹಿಡಿದು ಗೊಳೋ ಅಂತ ಅತ್ತಳು, ನನಗೂ ಅಳು ಬಂತು.

ಹೊಳಗುಂದ ಮುಟ್ಟಿದಾಗ ಶಾಲೆ ಇನ್ನೂ ಬಿಟ್ಟಿರಲಿಲ್ಲ. ಹೆಡ್ಮಾಸ್ತರು ಆಕೆಯ ಮಸಿ ಮಸಿ ಕೈ ನೋಡಿ ಮೊದಲು ತೊಳೆಯಲಿಕ್ಕೆ ನೀರು ಕೊಡಿಸಿದರು, ಆಮೇಲೆ ಸಹಿ ಮಾಡಿಸಿಕೊಂಡರು. ಶಾಲೆಯ ಹಿಂದಿನ ಕೋಣೆಯಲ್ಲಿ ಸಾಮಾನು ಇಳಿಸಿ, ಸ್ಟೌವು ಹಚ್ಚಿಕೊಟ್ಟೆ. ಇನ್ನು ಹೊರಡಬೇಕು ಅನ್ನುವಾಗ ಅಲ್ಲಿಯವರೆಗೂ ಗುರುಗುಡುತ್ತಿದ್ದ ಹಾಳಾದ ಕಾರು ಮತ್ತೆ ಗಕ್ಕನೆ ನಿಂತಿತು.

ಮೇಷ್ಟ್ರುಗಳೆಲ್ಲ ಕಾರಿನ ಹಿಂದೆ ನಿಂತರು. ಮಾವ ಸಾಬರ ಪಕ್ಕದ ಸೀಟಿನಲ್ಲಿ ಕೂತಿದ್ದರು, ನಾನು ಹಿಂದೆ. ನಾದಿನಿ ಕಾಣಲಿಲ್ಲ. ಹುಡುಕಿ ನೋಡಿದರೆ, ಅಪ್ಪ ಊರಿಗೆ ಹೊರಟರಲ್ಲ, ಶಾಲೆಯ ಬಾಗಿಲ ಹಿಂದೆ ಹೋಗಿ ನಿಂತಿದ್ದಳು. ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

ಮಾವನೂ ಅದನ್ನು ನೋಡಿದರು. ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಷ್ಟ್ರುಗಳಿಗೆ, "ತಡೀರಿ. ನಿಮ್ಮಿಂದ ಆಗೂದಿಲ್ಲ" ಅಂದರು. "ನಮ್ಮ ಮಗಳನ್ನ ಕರೀರಿ. ಆಕಿ ಕೈ ಹಚ್ಚಿದ್ರನ ಈ ಗಾಡಿ ಹೊರಡತದ."

ಬಾಗಿಲ ಹಿಂದಿನಿಂದ ಆಕೆ ಬಂದಳು. ಕಾರು ಶಾಲೆಯ ಗೋಡೆಗುಂಟ ಬಾಗಿಲಿಗಿಂತ ಸ್ವಲ್ಪ ಹಿಂದೆ ನಿಂತಿತ್ತು, ಹಾಗಾಗಿ ಎದುರಿಗೇ ಬರಬೇಕಾಯಿತು. ಮಾವ ಮುಖ ತಿರುಗಿಸಲಿಲ್ಲ. ಆಕೆ ಬಾನೆಟ್ಟು ದಾಟಿ, ಅಪ್ಪನ ಕಿಟಕಿ ದಾಟಿ, ಹಿಂದೆ ಹೋಗಿ ಕೈ ಹಚ್ಚಿದಳು. ಗಾಡಿ ಹೊರಟಿತು.